ಶಾಲು ಹೊದಿಸಲಿಲ್ಲವೆಂಬ ನೋವು ಅಹಂಕಾರವೇ?

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಸಭೆಯಲ್ಲಿ ಅನೇಕ ವರ್ಷಗಳಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಕಾಯಿಲೆ ಬಿದ್ದವರ ಮನೆಗಳಿಗೆ ಹೋಗಿ ಪ್ರಾರ್ಥಿಸಿ ಬರುತ್ತೇನೆ. ಸುಗ್ಗಿ ಹಬ್ಬ ಮತ್ತು ಕ್ರಿಸ್‌ಮಸ್ ಊಟದ ಅಡುಗೆಯ ಪೂರ್ತಿ ಹೊಣೆ ನನ್ನದು. ಪಾತ್ರೆ ಕೋಣೆಯ ಬೀಗದ ಕೈ ಕೂಡ ನನ್ನ ಬಳಿಯೇ ಇರುತ್ತದೆ; ನಾನು ಬರದೆ ಒಂದು ಸೌಟೂ ಆಚೆ ಬರುವುದಿಲ್ಲ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. ಕಳೆದ ವರ್ಷ ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದಾಗ, ಯಾರಿಗೂ ತೊಂದರೆ ಬೇಡವೆಂದು ಸ್ತ್ರೀಯರ ಕೂಟದವರಿಗೆ ಮನೆಗೆ ಬರಬೇಡಿ ಎಂದೆ. ಈ ಸಲದ ವಾರ್ಷಿಕೋತ್ಸವದಲ್ಲಿ ಕಮಿಟಿಯವರಿಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು. ವಂದನಾರ್ಪಣೆಯಲ್ಲಿಯೂ ನನ್ನ ಹೆಸರು ಬರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸಿಟ್ಟು ಒಂದು ಕಡೆ, ಸಿಟ್ಟು ಬಂತಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಇಷ್ಟು ವರ್ಷ ಮಾಡಿದ್ದು ದೇವರಿಗೋ, ಹೊಗಳಿಕೆಗೋ? ಹಿರಿಯರೊಬ್ಬರ ಬಳಿ ಹೇಳಿಕೊಂಡರೆ, "ನಾವು ಪ್ರಯೋಜನವಿಲ್ಲದ ಆಳುಗಳು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ, ಸುಮ್ಮನಿರಿ" ಎಂದರು. ದೀನತೆಯನ್ನು ಅಭ್ಯಾಸ ಮಾಡುವುದು ಹೇಗೆ? ಒಂದು ವರ್ಷ ಎಲ್ಲ ಸೇವೆಯನ್ನೂ ಬಿಟ್ಟು ಹಿಂದಿನ ಬೆಂಚಿನಲ್ಲಿ ಕುಳಿತುಬಿಡಲೇ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ತಡೆದು ನಿಂತದ್ದು ಶಾಲಿನ ಬಳಿಯಲ್ಲ, ಬೀಗದ ಕೈಯ ಬಳಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಶಾಲಿನ ಲೆಕ್ಕ ಮುಗಿಸೋಣ.

ಲೂಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಸೀಮೋನನೆಂಬ ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು, ಯೇಸುವನ್ನು ಊಟಕ್ಕೆ ಕರೆಯುತ್ತಾನೆ. ಊರಿನಲ್ಲಿ ಕೆಟ್ಟ ಹೆಸರು ಪಡೆದ ಹೆಂಗಸೊಬ್ಬಳು ಅಲ್ಲಿಗೆ ಬಂದು, ಕಣ್ಣೀರಿನಿಂದ ಆತನ ಪಾದಗಳನ್ನು ನೆನೆಸಿ ತಲೆಗೂದಲಿನಿಂದ ಒರಸುತ್ತಾಳೆ. ಸೀಮೋನನು ಮನಸ್ಸಿನಲ್ಲೇ ಮೂಗು ಮುರಿಯುತ್ತಾನೆ. ಆಗ ಯೇಸು ಹೆಂಗಸಿನ ಕಡೆಗೆ ತಿರುಗಿಕೊಂಡು ಸೀಮೋನನಿಗೆ ಹೇಳಿದ ಮಾತು ನೆನಪಿರಬಹುದು: ನಾನು ನಿನ್ನ ಮನೆಗೆ ಬಂದಾಗ ನೀನು ಕಾಲಿಗೆ ನೀರು ಕೊಡಲಿಲ್ಲ, ಮುದ್ದಿಡಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ. ಅಂದರೆ ಆತನು ಗಮನಿಸಿದ್ದನು. ಬಾಗಿಲಿನಲ್ಲಿ ನಡೆದ ಮೂರು ಲೋಪಗಳೂ ನೆನಪಿನಲ್ಲಿದ್ದವು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಲೂ ಇಲ್ಲ, ಊಟ ಬಿಟ್ಟು ಎದ್ದು ಹೋಗಲೂ ಇಲ್ಲ. ಎದುರಿಗಿದ್ದ ಹೆಂಗಸಿನ ಮಾನ ಉಳಿಸಬೇಕಾಗಿ ಬಂದಾಗ ಬಾಯಿ ಬಿಟ್ಟು ಹೇಳಿದನು. ಮಹಾಯಾಜಕನ ಎದುರಿನಲ್ಲಿ ಓಲೇಕಾರನೊಬ್ಬನು ಕೆನ್ನೆಗೆ ಹೊಡೆದಾಗಲೂ, ನಾನು ಹೇಳಿದ್ದು ಸರಿಯಾಗಿದ್ದರೆ ನನ್ನನ್ನೇಕೆ ಹೊಡೆಯುತ್ತೀ ಎಂದು ಕೇಳಿದವನು ಅದೇ ಯೇಸು. ಆದ್ದರಿಂದ, ಹೆಸರು ಬಿಟ್ಟುಹೋದದ್ದು ನಿಮಗೆ ತಿಳಿಯಿತು, ನೋವಾಯಿತು ಎಂಬುದರಲ್ಲಿ ಪಾಪವೇನೂ ಇಲ್ಲ. ಚರ್ಮ ಇದ್ದವರಿಗೆ ಚಿವುಟಿದರೆ ನೋಯುತ್ತದೆ.

ನಿಮ್ಮ ಸಭೆಯ ಹಿರಿಯರ ಮಾತಿಗೆ ಬರುತ್ತೇನೆ. ಲೂಕ 17ರ ಆ ವಾಕ್ಯ ಆಳು ತನ್ನ ಬಗ್ಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ಯಜಮಾನನು ಆಳಿಗೆ ಹೇಳುವ ಮಾತಲ್ಲ. ಶಾಲು ಹೊದ್ದವರು ಹೊದೆಯದವರಿಗೆ ಹೇಳುವ ಮಾತಂತೂ ಅಲ್ಲವೇ ಅಲ್ಲ. ಅದೇ ಲೂಕನ 12ನೆಯ ಅಧ್ಯಾಯದಲ್ಲಿ, ಎಚ್ಚರವಾಗಿ ಕಾದಿದ್ದ ಆಳುಗಳನ್ನು ಕಂಡ ಯಜಮಾನನು ತಾನೇ ನಡುಕಟ್ಟಿಕೊಂಡು, ಅವರನ್ನು ಊಟಕ್ಕೆ ಕೂರಿಸಿ ಬಡಿಸುತ್ತಾನೆ ಎಂದೂ ಇದೆ. ಕಮಿಟಿ ಸಭೆಗಳಲ್ಲಿ 17ನೆಯ ಅಧ್ಯಾಯ ಎಷ್ಟು ಸಲ ಕಿವಿಗೆ ಬೀಳುತ್ತದೆಯೋ 12ನೆಯ ಅಧ್ಯಾಯ ಅಷ್ಟು ಸಲ ಬೀಳುವುದಿಲ್ಲ, ಯಾಕೋ.

ಸೇವೆ ಮಾಡಿದವರ ಹೆಸರನ್ನು ಎತ್ತಿ ಹೇಳುವುದು ಲೋಕದ ರೀತಿ, ದೇವರ ಮನೆಯಲ್ಲಿ ಅದು ಬೇಡ ಎನ್ನುವವರಿಗೆ ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ತೋರಿಸಿ. ನಾವು ಸಾಮಾನ್ಯವಾಗಿ ಹಾರಿಸಿ ಓದುವ ಪಟ್ಟಿ ಅದು. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಪೌಲನು ಹೆಸರು ಹಿಡಿದು ವಂದಿಸುತ್ತಾನೆ. ಮೊದಲು ಬರುವವಳು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ. ಮರಿಯಳು ನಿಮಗೋಸ್ಕರ ಬಹಳ ದುಡಿದಿದ್ದಾಳೆ ಎನ್ನುತ್ತಾನೆ. ತ್ರುಫೈನ, ತ್ರುಫೋಸ, ಪೆರ್ಸೀಸ್ ಎಂಬ ಹೆಂಗಸರ ದುಡಿಮೆಯನ್ನು ನೆನೆಯುತ್ತಾನೆ. ರೂಫನ ತಾಯಿ ನನಗೂ ತಾಯಿ ಎನ್ನುತ್ತಾನೆ. ನಿಮ್ಮ ಸಭೆಯ ವಂದನಾರ್ಪಣೆಯಲ್ಲಿ ಆದದ್ದು ಲೋಪವೇ. ಅದನ್ನು ನಿಮ್ಮ ಆತ್ಮಿಕ ತರಬೇತಿ ಎಂದು ಯಾರೂ ಬಣ್ಣ ಬಳಿಯಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮ ಮುಖ್ಯ ಪ್ರಶ್ನೆ: ದೀನತೆಯ ಅಭ್ಯಾಸ. ಇದಕ್ಕೆ ಎಲ್ಲರೂ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯವನ್ನು ತೆರೆಯುತ್ತಾರೆ, ನಾನೂ ತೆರೆಯುತ್ತೇನೆ. ಆದರೆ ಆ ಊರನ್ನು ಸ್ವಲ್ಪ ನೋಡಿಕೊಂಡು ಒಳಗೆ ಹೋಗೋಣ.

ಫಿಲಿಪ್ಪಿ ಮಕೆದೋನ್ಯದ ಪಟ್ಟಣ. ಕ್ರಿಸ್ತಪೂರ್ವ 42ರಲ್ಲಿ ಅಲ್ಲಿ ನಡೆದ ದೊಡ್ಡ ಯುದ್ಧದ ನಂತರ ನಿವೃತ್ತ ರೋಮನ್ ಸೈನಿಕರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ವಸಾಹತು. ರೋಮಿನಿಂದ ದೂರವಿದ್ದರೂ ರೋಮಿಗಿಂತ ಹೆಚ್ಚು ರೋಮನ್ ಆಗಬೇಕೆಂಬ ಹಂಬಲ ಅಲ್ಲಿನವರದು. ತಾವು ಹಿಡಿದಿದ್ದ ಹುದ್ದೆ, ಪಡೆದ ಗೌರವ, ಕೊಟ್ಟ ದಾನ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸುತ್ತಿದ್ದರು. ಅಂಥ ಶಾಸನಗಳು ಅಲ್ಲಿ ಇಂದಿಗೂ ಸಿಗುತ್ತವೆ. ನಮ್ಮ ದೇವಾಲಯಗಳ ಗೋಡೆಯ ಅಮೃತಶಿಲೆಯ ಫಲಕಗಳನ್ನೂ, ಫ್ಯಾನಿನ ರೆಕ್ಕೆಗಳ ಮೇಲೆ ಬರೆಸಿದ ದಾನಿಗಳ ಹೆಸರುಗಳನ್ನೂ ನೋಡಿ ಬೆಳೆದವರಿಗೆ ಫಿಲಿಪ್ಪಿ ಪರಕೀಯ ಊರೆನಿಸುವುದಿಲ್ಲ. ಆ ಕಾಲದ ಗ್ರೀಕರಿಗೂ ರೋಮನರಿಗೂ ತಗ್ಗಿ ನಡೆಯುವುದು ಗುಲಾಮರ ಲಕ್ಷಣ. ಅದನ್ನು ಸದ್ಗುಣವೆಂದು ಯಾರೂ ಎಣಿಸುತ್ತಿರಲಿಲ್ಲ.

ಇದೇ ಊರಿನಲ್ಲಿ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಬಹಿರಂಗವಾಗಿ ಛಡಿ ಏಟು ಬಿದ್ದದ್ದು, ಕಾಲಿಗೆ ಕೋಳ ಬಿದ್ದದ್ದು. ಬೆಳಗಾದಾಗ ಅಧಿಕಾರಿಗಳು ಅವರನ್ನು ಬಿಟ್ಟುಬಿಡಿ ಎಂದು ಓಲೇಕಾರರ ಕೈಯಲ್ಲಿ ಹೇಳಿ ಕಳುಹಿಸುತ್ತಾರೆ. ದೀನತೆಯೆಂದರೆ ಬಾಯಿ ಮುಚ್ಚಿಕೊಂಡು ಹೋಗುವುದಾಗಿದ್ದರೆ ಪೌಲನು ಆಗಲೇ ಗಂಟುಮೂಟೆ ಕಟ್ಟಬೇಕಿತ್ತು. ಅವನು ಹೋಗಲಿಲ್ಲ. ರೋಮಿನ ಪೌರರಾದ ನಮ್ಮನ್ನು ವಿಚಾರಣೆಯಿಲ್ಲದೆ ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳುಹಿಸುತ್ತಾರೋ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ. ಅವರು ಬಂದರು. ಇದನ್ನು ನಾನು ಓದುವ ರೀತಿ ಹೀಗೆ: ಲುದ್ಯಳ ಮನೆಯಲ್ಲಿ ಆಗತಾನೇ ಹುಟ್ಟಿದ್ದ ಪುಟ್ಟ ಸಭೆಯನ್ನು ಅವನು ಬಿಟ್ಟು ಹೋಗಬೇಕಿತ್ತು. ಆ ಸಭೆಯನ್ನು ಕಟ್ಟಿದವನು ಅಪರಾಧಿಯೆಂಬ ಹೆಸರು ಊರಿನಲ್ಲಿ ಉಳಿದರೆ ಕಷ್ಟ ಪಡುವವರು ಅಲ್ಲಿನ ವಿಶ್ವಾಸಿಗಳು. ಅವನು ತನ್ನ ಸ್ಥಾನವನ್ನು ಬಳಸಿದ್ದು ಅವರಿಗೋಸ್ಕರ.

ಆಮೇಲೆ, ಸೆರೆಯಲ್ಲಿದ್ದಾಗ, ಇದೇ ಊರಿನವರಿಗೆ ಅವನು ಬರೆದ ಪತ್ರದಲ್ಲಿ ಕ್ರಿಸ್ತನ ಬಗ್ಗೆ ಆ ಪ್ರಸಿದ್ಧ ಸಾಲುಗಳಿವೆ. ಶಾಸನಗಳಲ್ಲಿ ಹುದ್ದೆಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಇಲ್ಲಿ ಎಲ್ಲವೂ ಇಳಿಯುತ್ತದೆ: ದೇವಸ್ವರೂಪನಾಗಿದ್ದವನು ದೇವರಿಗೆ ಸಮನಾಗಿರುವುದನ್ನು ಬಿಗಿಹಿಡಿಯಲಿಲ್ಲ, ತನ್ನನ್ನು ಬರಿದುಮಾಡಿಕೊಂಡನು, ದಾಸನ ರೂಪ ತಾಳಿದನು, ಮರಣದವರೆಗೂ, ಅದೂ ಶಿಲುಬೆಯ ಮರಣದವರೆಗೂ ವಿಧೇಯನಾದನು. ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆ. ನಿವೃತ್ತ ಸೈನಿಕರ ಮೊಮ್ಮಕ್ಕಳಿದ್ದ ಊರಿನಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ ಕೆಲವರಾದರೂ ಮುಖ ಸಿಂಡರಿಸಿಕೊಂಡಿರಬೇಕು.

ಇನ್ನೊಂದು ಸಂಗತಿ ನಿಮಗೆ ಹತ್ತಿರದ್ದು. ಅದೇ ಪತ್ರದ 4ನೆಯ ಅಧ್ಯಾಯದಲ್ಲಿ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರು ಒಂದೇ ಮನಸ್ಸಿನಿಂದಿರಬೇಕೆಂದು ಪೌಲನು ಬೇಡಿಕೊಳ್ಳುತ್ತಾನೆ. ಇಬ್ಬರೂ ಸುವಾರ್ತೆಗಾಗಿ ಅವನ ಜೊತೆ ಹೋರಾಡಿದವರು. ಜಗಳ ಯಾಕಾಗಿ ಎಂದು ಅವನು ಹೇಳುವುದಿಲ್ಲ. ಸಿದ್ಧಾಂತದ ವಿಷಯವಾಗಿದ್ದರೆ ಪೌಲನು ಎರಡೇ ಸಾಲಿನಲ್ಲಿ ಬಿಡುವ ಆಸಾಮಿಯಲ್ಲ. ಯಾವುದೋ ಹೊಣೆ, ಯಾರದೋ ಮಾತು ಇದ್ದಿರಬೇಕೆಂದು ನನ್ನ ಊಹೆ. ದುಡಿಯದವರ ನಡುವೆ ಇಂಥ ಜಗಳ ಬರುವುದಿಲ್ಲ. ಸಭೆಗಾಗಿ ಮೈ ಮುರಿದು ದುಡಿದವರ ನಡುವೆಯೇ ಬರುತ್ತದೆ.

ಕ್ರಿಸ್ತನ ಬಗೆಗಿನ ಆ ಸಾಲುಗಳಲ್ಲಿ ಇಳಿತದ ಮೊದಲ ಹೆಜ್ಜೆಯನ್ನು ಗಮನಿಸಿ. ನೋವು ತಿನ್ನುವುದಲ್ಲ, ತನ್ನನ್ನು ಹಳಿದುಕೊಳ್ಳುವುದಲ್ಲ. ತನ್ನದೇ ಆದದ್ದನ್ನು ಬಿಗಿಹಿಡಿಯದಿರುವುದು. ನಿಮ್ಮ ಕೈಯಲ್ಲಿ ಶಾಲು ಇಲ್ಲ, ಹಾಗಾಗಿ ಬಿಡಬೇಕಾದದ್ದೂ ಅದಲ್ಲ. ನಿಮ್ಮ ಕೈಯಲ್ಲಿರುವುದು ಪಾತ್ರೆ ಕೋಣೆಯ ಬೀಗದ ಕೈ. ನೀವಿಲ್ಲದೆ ಸೌಟು ಆಚೆ ಬರುವುದಿಲ್ಲ ಎಂಬ ತಮಾಷೆಯನ್ನು ಪತ್ರದಲ್ಲಿ ಬರೆಯುವಾಗ ನಿಮಗೆ ಒಳಗೊಳಗೇ ಒಂದಿಷ್ಟು ಹಿತವೆನಿಸಿರಲಿಕ್ಕೂ ಸಾಕು. ಎಷ್ಟೋ ಸಭೆಗಳಲ್ಲಿ ಇದನ್ನು ನೋಡಿದ್ದೇನೆ: ಹೊಗಳಿಕೆ ಸಿಗದವರು ಅನಿವಾರ್ಯತೆಯಿಂದ ತೃಪ್ತಿ ಪಡೆಯುತ್ತಾರೆ. ವೇದಿಕೆ ಇಲ್ಲದವರಿಗೆ ಉಗ್ರಾಣವೇ ವೇದಿಕೆ. ಶಾಲಿನ ಆಸೆ ವರ್ಷಕ್ಕೊಮ್ಮೆ ಕಾಡುತ್ತದೆ, ಇದು ದಿನವೂ ಸದ್ದಿಲ್ಲದೆ ಬೆಳೆಯುತ್ತದೆ. ಸೇವೆಯ ವೇಷದಲ್ಲಿ ಇರುವುದರಿಂದ ಯಾವ ಪ್ರಸಂಗವೂ ಇದಕ್ಕೆ ತಾಕುವುದಿಲ್ಲ.

ಮನಸ್ಸಿನಲ್ಲಿ ದೀನಭಾವ ಹುಟ್ಟಿಸಿಕೊಳ್ಳಲು ಮಂಡಿಯೂರಿ ಹೆಣಗುವುದು ನನಗೆ ಫಲ ಕೊಡುವ ದಾರಿಯಾಗಿ ಕಂಡಿಲ್ಲ. ನಾನು ಎಷ್ಟು ತಗ್ಗಿದ್ದೇನೆ ಎಂದು ಅಳೆಯುತ್ತಾ ಕುಳಿತವನ ಕಣ್ಣು ಇನ್ನೂ ತನ್ನ ಮೇಲೆಯೇ ಇರುತ್ತದೆ. ಏರ್ಪಾಡು ಬದಲಿಸುವುದು ಮೇಲು. ಈ ವಿಷಯದಲ್ಲಿ 6ನೆಯ ಶತಮಾನದ ಇಟಲಿಯ ಬೆನೆಡಿಕ್ಟ್ ನನಗೆ ತುಂಬ ಇಷ್ಟ. ಸನ್ಯಾಸಿಗಳಿಗಾಗಿ ಆತ ಬರೆದ ನಿಯಮಾವಳಿಯ 7ನೆಯ ಅಧ್ಯಾಯ ದೀನತೆಯ ಹನ್ನೆರಡು ಮೆಟ್ಟಿಲುಗಳನ್ನು ವಿವರಿಸುತ್ತದೆ. ಅದನ್ನು ಎಲ್ಲರೂ ಓದುತ್ತಾರೆ. 35ನೆಯ ಅಧ್ಯಾಯ ಅಡುಗೆ ಮನೆಯ ಸರದಿಯದು, ಅದನ್ನು ಓದುವವರು ಕಡಿಮೆ. ಕಾಯಿಲೆಯವರು ಮತ್ತು ಬಹಳ ಮುಖ್ಯ ಕೆಲಸದಲ್ಲಿರುವವರ ಹೊರತು ಎಲ್ಲರೂ ವಾರದ ಸರದಿಯಂತೆ ಅಡುಗೆ ಮನೆಯಲ್ಲಿ ಸೇವೆ ಮಾಡಬೇಕು. ವಾರ ಮುಗಿಸುವವನು ಶನಿವಾರ ಎಲ್ಲವನ್ನೂ ಶುಚಿಮಾಡಿ, ಸಹೋದರರು ಕೈಕಾಲು ಒರಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಅವನೂ ಮುಂದಿನ ವಾರದವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಗಳನ್ನು ಚೊಕ್ಕಟವಾಗಿ, ಮುಕ್ಕಾಗದಂತೆ ಉಗ್ರಾಣಿಕನಿಗೆ ಒಪ್ಪಿಸಬೇಕು. ಏನು ಕೊಟ್ಟೆ, ಏನು ಬಂತು ಎಂದು ತನಗೆ ಗೊತ್ತಿರಲೆಂದು ಮುಂದಿನವನಿಗೆ ಉಗ್ರಾಣಿಕನೇ ಕೊಡುತ್ತಾನೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಾಲು: ಬಡಿಸುವವರಿಗೆ ಊಟಕ್ಕೆ ಒಂದು ಗಂಟೆ ಮೊದಲು ಸ್ವಲ್ಪ ರೊಟ್ಟಿಯನ್ನೂ ಪಾನೀಯವನ್ನೂ ಹೆಚ್ಚಾಗಿ ಕೊಡಬೇಕು, ಅವರು ಗೊಣಗದೆ ಸೇವೆ ಮಾಡುವಂತಾಗಲಿ ಎಂದು. ಹಸಿದ ಸೇವಕನು ಗೊಣಗುತ್ತಾನೆ ಎಂಬುದು ಆ ಮಠಾಧಿಪತಿಗೆ ಗೊತ್ತಿತ್ತು. ನಮ್ಮ ಸುಗ್ಗಿ ಹಬ್ಬಗಳಲ್ಲಿ ಬಡಿಸಿದವರು ಮೂರು ಗಂಟೆಗೆ ತಳ ಹತ್ತಿದ ಅನ್ನ ತಿನ್ನುವುದನ್ನು ಕಂಡವರಿಗೆ ಈ ಸಾಲಿನ ಬೆಲೆ ಅರ್ಥವಾಗುತ್ತದೆ.

ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ ಇದು. ಕೂಟದ ಮುಂದಿನ ಸಭೆಯಲ್ಲಿ ಅಡುಗೆಯ ಹೊಣೆ ಸರದಿಯಲ್ಲಿ ನಡೆಯಲಿ ಎಂದು ನೀವೇ ಕೇಳಿ. ಯಾರಾದರೂ ಒಪ್ಪಿದ ದಿನ ಅವರನ್ನು ಪಾತ್ರೆ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿ: ಯಾವ ಕೊಪ್ಪರಿಗೆಗೆ ಯಾವ ಮುಚ್ಚಳ, ಯಾವ ಒಲೆಯ ರೆಗ್ಯುಲೇಟರ್ ಸಡಿಲ, ಅಕ್ಕಿ ಎಷ್ಟು ಸೇರಿಗೆ ಎಷ್ಟು ಜನ, ಯಾವ ಅಂಗಡಿಯವರು ಬಾಡಿಗೆ ಜಮಖಾನ ಕೊಡುತ್ತಾರೆ. ತಲೆಯಲ್ಲಿ ಇಟ್ಟುಕೊಂಡಿರುವುದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ. ಅರ್ಧ ಹೇಳಿ ಅರ್ಧ ಬಿಟ್ಟರೆ, ಅವರು ಎಡವಿದಾಗ ನಿಮ್ಮನ್ನು ಕರೆಯಲಿ ಎಂದು ಬಿಟ್ಟಂತಾಗುತ್ತದೆ. ಕೊನೆಗೆ ಬೀಗದ ಕೈ ಕೊಡಿ. ನಕಲು ಮಾಡಿಸಿ ಇಟ್ಟುಕೊಳ್ಳಬೇಡಿ.

ಎರಡನೆಯದು ಇದಕ್ಕಿಂತ ಕಷ್ಟ. ಶಸ್ತ್ರಚಿಕಿತ್ಸೆಯಾದಾಗ ಕೂಟದವರನ್ನು ಬರಬೇಡಿ ಎಂದಿರಿ. ಯೋಹಾನ 13ರ ಪೇತ್ರನೂ ಹೀಗೆಯೇ. ಯೇಸು ಊಟದಿಂದೆದ್ದು, ಮೇಲುಹೊದಿಕೆ ತೆಗೆದಿಟ್ಟು, ಅಂಗವಸ್ತ್ರವನ್ನು ನಡುವಿಗೆ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ ಒಬ್ಬೊಬ್ಬರ ಕಾಲು ತೊಳೆಯುತ್ತಾ ಬಂದಾಗ, ನನ್ನ ಕಾಲನ್ನು ಎಂದಿಗೂ ತೊಳೆಯಕೂಡದು ಎಂದ ಪೇತ್ರ. ಕೇಳಲು ಎಷ್ಟು ವಿನಯದ ಮಾತು. ಯೇಸುವಿನ ಉತ್ತರ ಮಾತ್ರ ಖಡಕ್: ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ. ಇದಕ್ಕೆ ಕೆಲವೇ ದಿನ ಮೊದಲು ಬೇಥಾನ್ಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಆತನ ಪಾದಗಳಿಗೆ ಹಚ್ಚಿದಳು. ಆಗ ಆತನು, ಇದೆಲ್ಲ ಯಾಕಮ್ಮಾ, ತೊಂದರೆ ತೆಗೆದುಕೊಳ್ಳಬೇಡ ಎನ್ನಲಿಲ್ಲ; ತಕರಾರು ಮಾಡಿದವನನ್ನು ಸುಮ್ಮನಿರಿಸಿ ಆ ಸೇವೆಯನ್ನು ಸ್ವೀಕರಿಸಿದನು. ತೊಳೆಯುವುದಕ್ಕೆ ಮುನ್ನ ಆತನು ಪಡೆದವನು. ಪವಿತ್ರ ಗುರುವಾರದ ಕಾಲು ತೊಳೆಯುವ ವಿಧಿಯಲ್ಲೂ ನಮ್ಮ ಜನರು ಮೊದಲೇ ಮನೆಯಲ್ಲಿ ಸೋಪು ಹಚ್ಚಿ ಉಜ್ಜಿಕೊಂಡು, ಉಗುರು ಕತ್ತರಿಸಿಕೊಂಡು ಬಂದಿರುತ್ತಾರೆ! ನಮ್ಮ ಕೊಳೆ ಇನ್ನೊಬ್ಬರ ಕೈಗೆ ತಗಲುವುದು ಯಾರಿಗೂ ಬೇಡ.

ಕೊಡುವ ಕೈ ಸದಾ ಮೇಲಿರುತ್ತದೆ. ನೀವು ಗಂಜಿ ಕೊಟ್ಟುಬಂದ ಮನೆಗಳ ಹೆಂಗಸರು ನಿಮಗೊಂದು ಡಬ್ಬಿ ಸಾರು ತರಲು ಕಾಯುತ್ತಿದ್ದಿರಬಹುದು. ಅವರು ಬಂದಿದ್ದರೆ ಗುಡಿಸದ ಮನೆ, ಬಾಚದ ತಲೆ, ಸಿಂಕಿನಲ್ಲಿ ರಾಶಿ ಬಿದ್ದ ಪಾತ್ರೆ ನೋಡುತ್ತಿದ್ದರು. ನೋಡಲಿ. ಮುಂದೆ ಯಾರಾದರೂ ಏನಾದರೂ ಬೇಕೇ ಎಂದು ಕೇಳಿದರೆ, ಏನೂ ಬೇಡ ಎಂಬ ನಿಮ್ಮ ಸಿದ್ಧ ಉತ್ತರವನ್ನು ತಡೆಹಿಡಿದು, ಒಂದು ಚಿಕ್ಕ ಕೆಲಸವನ್ನು ನಿಜವಾಗಿ ಹೇಳಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಓದುವ ಇತರರಿಗೂ ಸೇರಿಸಿ. ಇಳಿಯುವ ಮಾತು ಇಳಿಯಲು ಮೆಟ್ಟಿಲು ಇದ್ದವರಿಗೆ. ಗಂಡನ ಏಟು ತಿನ್ನುತ್ತಿರುವ ಹೆಂಗಸಿಗೋ, ತಲೆತಲಾಂತರದಿಂದ ಕೆಳಗೆ ಕೂರಿಸಲ್ಪಟ್ಟ ಕುಟುಂಬಕ್ಕೋ ಇನ್ನಷ್ಟು ತಗ್ಗಿರಿ ಎಂದು ಬೋಧಿಸುವುದು ಸುವಾರ್ತೆಯಲ್ಲ. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿ ದೀನರನ್ನು ಮೇಲಕ್ಕೆತ್ತಿದನೆಂದು ಯೇಸುವಿನ ತಾಯಿ ಮರಿಯಳು ಹಾಡಿದ ದೇವರಲ್ಲಿ ಅವರಿಗೆ ಸಿಗಬೇಕಾದದ್ದು ಎತ್ತುವ ಕೈ. ನಮ್ಮ ನಾಡಿನ ಸಭೆಗಳಿಗೆ ಇದು ಹಳೆಯ ಪಾಠ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಭೆಯೊಳಗೆ ಜಾತಿಗೆ ಎಡೆ ಕೊಡಲು ಒಪ್ಪಲಿಲ್ಲ. ಒಂದಾಗಿ ಕುಳಿತು ಉಣ್ಣಲು ಹೊಸಬರಲ್ಲಿ ಎಷ್ಟೋ ಮಂದಿಗೆ ಗಂಟಲಿಗಿಳಿಯದಷ್ಟು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ. ಇವತ್ತಿಗೂ ಪ್ರೀತಿಭೋಜನದ ನಂತರ ಎಂಜಲೆಲೆ ತೆಗೆಯುವವರು ಯಾರು, ದೇವಾಲಯದ ಶೌಚಾಲಯ ತೊಳೆಯುವವರು ಯಾರು, ಅವರ ಪೂರ್ತಿ ಹೆಸರು ಕಮಿಟಿಯಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿ ನೋಡಿ. ನಮ್ಮ ನಮ್ಮ ಮನೆಗೆಲಸದವರಿಗೆ ಚಹಾ ಕೊಡುವ ಲೋಟ ಯಾವುದು, ಅದನ್ನು ಎಲ್ಲಿ ಕವುಚಿಡುತ್ತೇವೆ ಎಂಬುದೂ ಇದೇ ಪ್ರಶ್ನೆಯೊಳಗೆ ಬರುತ್ತದೆ.

ಇದರಿಂದಲೇ ಶಾಲಿನ ವಿಷಯಕ್ಕೂ ದಾರಿ ಸಿಗುತ್ತದೆ. ಸಭಾಪಾಲಕರ ಬಳಿ ಹೋಗಿ ನೇರವಾಗಿ ಮಾತನಾಡಿ. ಬೇರೆಯವರ ಮೂಲಕ ಹೇಳಿಸಬೇಡಿ, ಪ್ರಾರ್ಥನಾ ಕೂಟದಲ್ಲಿ ಕಣ್ಣು ಮುಚ್ಚಿ ಸುತ್ತಿ ಬಳಸಿ ಹೇಳಬೇಡಿ. ನೋವಾಯಿತು ಎಂದು ಒಂದು ವಾಕ್ಯದಲ್ಲಿ ಹೇಳಿ. ಆಮೇಲೆ, ಹೆಸರು ಬಿಟ್ಟುಹೋದ ಉಳಿದವರನ್ನು ಹೆಸರಿಸಿ: ಗಂಟೆ ಬಾರಿಸುವವರು, ಪಾತ್ರೆ ಉಜ್ಜಿದವರು, ಹೂ ಕಟ್ಟುವ ಅಜ್ಜಿ. ಮುಂದಿನ ವರ್ಷದ ವಂದನಾರ್ಪಣೆಯ ಪಟ್ಟಿಗೆ ಇವರು ಸೇರಲಿ ಎಂದು ಕೇಳಿ. ಅವರ ಹೆಸರು ಬಂದು ನಿಮ್ಮದು ಮತ್ತೆ ಬಿಟ್ಟುಹೋಗುವ ಸಾಧ್ಯತೆ ಇಲ್ಲದಿಲ್ಲ. ಆಗ ನಿಮಗೆ ಏನನ್ನಿಸುತ್ತದೆ ಎಂಬುದು ನಿಮ್ಮ "ದೇವರಿಗೋ, ಹೊಗಳಿಕೆಗೋ" ಎಂಬ ಪ್ರಶ್ನೆಗೆ ನಾನು ಕೊಡಬಹುದಾದ್ದಕ್ಕಿಂತ ಒಳ್ಳೆಯ ಉತ್ತರ. ಎರಡೂ ಬೆರೆತಿದ್ದರೂ ಗಾಬರಿಯಾಗಬೇಡಿ. ನಮ್ಮ ಮೊಣಕಾಲು ನೋವಿಗೆ ಹಬೆ ಕೊಡುವವರ ಉದ್ದೇಶ ನೂರಕ್ಕೆ ನೂರು ಶುದ್ಧವಾಗುವ ತನಕ ಕಾಯುತ್ತೇವೆಯೇ?

ಒಂದು ವರ್ಷ ಎಲ್ಲವನ್ನೂ ಬಿಡುವುದು ಬೇಡ. ಇಷ್ಟು ಕೆಲಸ ಮಾಡುವವರು ಹಠಾತ್ತಾಗಿ ಹಿಂದಿನ ಬೆಂಚಿನಲ್ಲಿ ಕುಳಿತರೆ ಇಡೀ ಸಭೆ ತಿರುಗಿ ತಿರುಗಿ ನೋಡುತ್ತದೆ. ಅದೂ ಒಂದು ವೇದಿಕೆಯೇ. ಸಂಡೇ ಸ್ಕೂಲಿಗೆ ಜೊತೆಗೊಬ್ಬ ಯುವತಿಯನ್ನು ಸೇರಿಸಿಕೊಂಡು ಪಾಠದ ಅರ್ಧ ಭಾಗ ಅವಳಿಗೆ ಬಿಡಿ. ರೋಗಿಗಳ ಭೇಟಿಯನ್ನು ಮಾತ್ರ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅಲ್ಲಿಗೆ ಹಾರ ತರುವವರಿಲ್ಲ, ವರದಿ ಓದುವವರಿಲ್ಲ. ಉದ್ದದ ಪ್ರಾರ್ಥನೆಗಿಂತ ಒಂದು ಚಿಕ್ಕ ಕೀರ್ತನೆ ಓದಿ, ಅವರು ಹೇಳುವುದನ್ನು ಕೇಳಿ ಬನ್ನಿ. ಹೋದದ್ದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ.

ಮುಂದಿನ ಸುಗ್ಗಿ ಹಬ್ಬದಲ್ಲಿ ಹೊಸಬರ ಸಾಂಬಾರಿಗೆ ಉಪ್ಪು ಹೆಚ್ಚಾಗುವ ಸಂಭವವಿದೆ. ಆಗ ಅಡುಗೆ ಕೋಣೆಗೆ ನುಗ್ಗಬೇಡಿ. ಕರೆದರೆ ಹೋಗಿ. ಕರೆಯದಿದ್ದರೆ ಪಂಕ್ತಿಯಲ್ಲಿ ಕುಳಿತು, ಬಡಿಸಿದ್ದನ್ನು ಉಂಡು, ಮೊಸರನ್ನು ಮಾತ್ರ ಇನ್ನೊಂದು ಸೌಟು ಕೇಳಿ ಹಾಕಿಸಿಕೊಳ್ಳಿ.